ನಲ್ಲಿಯಿಂದ ಕಾಡ್ಗಿಚ್ಚಿನವರೆಗೆ: ಹದಿಹರೆಯದ ಕಾದಂಬರಿಗಳು ಕಂಡ ಕ್ಯಾಲಿಫೋರ್ನಿಯಾದ ಬರ

ಅಡುಗೆಮನೆಯ ನಲ್ಲಿ ತಿರುಗಿಸಿದಾಗ ನೀರಿನ ಬದಲು ಗಾಳಿ ಬುಸುಗುಟ್ಟುವ ಸದ್ದು ಹೇಗಿರುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಒಂದು ಬೇಸಿಗೆಯನ್ನಾದರೂ ಕಳೆದವರಿಗೆ ವಿವರಿಸಬೇಕಾಗಿಲ್ಲ. ಮೊದಲು ಒಂದು ಕೆಮ್ಮು, ನಂತರ ನಾಲ್ಕು ಹನಿ, ಆಮೇಲೆ ಪೈಪಿನೊಳಗೆಲ್ಲೋ ಗೊರಗೊರ. 2018ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡ್ರೈ’ ಎಂಬ ಕಾದಂಬರಿ ತೆರೆದುಕೊಳ್ಳುವುದು ಇಂಥದೇ ಸದ್ದಿನೊಂದಿಗೆ. ನೀಲ್ ಶಸ್ಟರ್‌ಮನ್ ಮತ್ತು ಅವರ ಮಗ ಜ್ಯಾರೆಡ್ ಶಸ್ಟರ್‌ಮನ್ ಸೇರಿ ಹದಿಹರೆಯದ ಓದುಗರಿಗಾಗಿ ಬರೆದ ಈ ಕಾದಂಬರಿಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ನಲ್ಲಿಗಳೆಲ್ಲ ಒಂದೇ ದಿನ ನಿಂತುಹೋಗುತ್ತವೆ. ಹದಿನಾರರ ಅಲಿಸ್ಸಾ ಮನೆಯವರೊಂದಿಗೆ ದೊಡ್ಡ ಅಂಗಡಿಗೆ ಓಡಿದರೆ ಅಲ್ಲಿ ನೀರಿನ ಬಾಟಲಿಗಳ ಕಪಾಟು ಆಗಲೇ ಬರಿದಾಗಿರುತ್ತದೆ. ಐಸ್ ಕೂಡ ನೀರೇ ಎಂಬುದು ಹೊಳೆದು ಅವರು ಗಾಡಿಯ ತುಂಬ ಐಸ್ ಚೀಲಗಳನ್ನು ಹೇರಿಕೊಳ್ಳುತ್ತಾರೆ. ನೀರು ಹುಡುಕಲು ಹೋದ ತಂದೆತಾಯಿ ಮರಳುವುದಿಲ್ಲ. ಹತ್ತು ವರ್ಷದ ತಮ್ಮನನ್ನೂ, ಲೋಕ ಮುಳುಗುವ ದಿನಕ್ಕೆ ಸದಾ ಸಿದ್ಧತೆ ನಡೆಸುವ ಕುಟುಂಬದಿಂದ ಬಂದ ಪಕ್ಕದ ಮನೆಯ ಹುಡುಗನನ್ನೂ ಕಟ್ಟಿಕೊಂಡು ಅವಳು ಹೊರಟ ದಾರಿ ಕೊನೆಗೆ ಬೆಂಕಿ ಬಿದ್ದ ಕಾಡಿಗೆ ಬಂದು ಮುಟ್ಟುತ್ತದೆ.

ಇಂಥ ಪುಸ್ತಕವನ್ನು ಮಗನೋ ಮಗಳೋ ರಾತ್ರಿಯೆಲ್ಲ ಕೂತು ಓದಿ ಮುಗಿಸಿದಾಗ ಮನೆಯ ಹಿರಿಯರಿಗೆ ಸಹಜವಾಗಿ ಏಳುವ ಪ್ರಶ್ನೆ, ಇದರಲ್ಲಿ ನಿಜವೆಷ್ಟು, ಹೆದರಿಸುವುದಕ್ಕಾಗಿ ಹೆಣೆದದ್ದೆಷ್ಟು ಎಂಬುದು. ಕೊಳವೆ, ಕಾಲುವೆ, ಒಪ್ಪಂದ, ಗಾಳಿ ಇವುಗಳ ವಿಷಯದಲ್ಲಿ ಈ ಕಾದಂಬರಿಗಳು ನಾವು ಭಾವಿಸುವುದಕ್ಕಿಂತ ಹೆಚ್ಚು ನಿಖರವಾಗಿವೆ. ಮನುಷ್ಯರ ವಿಷಯದಲ್ಲಿ ಮಾತ್ರ ಅವುಗಳನ್ನು ಅಷ್ಟು ನಂಬುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಒಪ್ಪಂದದ ಮಾತು. ಕಾದಂಬರಿಯಲ್ಲಿ ನಲ್ಲಿ ನಿಲ್ಲುವುದಕ್ಕೆ ತಕ್ಷಣದ ಕಾರಣ ಮಳೆಯಿಲ್ಲದಿರುವುದಲ್ಲ. ನೆರೆಯ ಅರಿಜೋನಾ ಮತ್ತು ನೆವಾಡಾ ರಾಜ್ಯಗಳು ಕೊಟ್ಟ ಮಾತಿಗೆ ತಪ್ಪಿ ಅಣೆಕಟ್ಟಿನ ಬಾಗಿಲು ಮುಚ್ಚುವುದು. ಕಾವೇರಿಯ ಸುದ್ದಿ ಓದುತ್ತ ಬೆಳೆದ ನಮಗೆ ಇದು ವಿಚಿತ್ರವೆನಿಸುವುದಿಲ್ಲ. ಮೈಸೂರು ಮತ್ತು ಮದ್ರಾಸುಗಳ ನಡುವೆ ಕಾವೇರಿ ಒಪ್ಪಂದವಾದದ್ದು 1924ರಲ್ಲಿ. ಕೊಲರಾಡೊ ನದಿಯನ್ನು ಏಳು ರಾಜ್ಯಗಳು ಹಂಚಿಕೊಂಡ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದಕ್ಕೆ ಎರಡೇ ವರ್ಷ ಮೊದಲು, 1922ರಲ್ಲಿ. ಮೇಲ್ಕಣಿವೆಯ ರಾಜ್ಯಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಕೆಳಕಣಿವೆಯ ರಾಜ್ಯಗಳಿಗೆ ಅಷ್ಟೇ ಎಂದು ಪಾಲು ಮಾಡಲಾಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದೊಂದು ಪಾಲೂ ಸುಮಾರು 327 ಟಿಎಂಸಿ. 1944ರಲ್ಲಿ ಮೆಕ್ಸಿಕೊ ದೇಶಕ್ಕೆ ಇನ್ನೂ 15 ಲಕ್ಷ ಎಕರೆ-ಅಡಿ ಕೊಡುವುದೆಂದಾಯಿತು. ತೊಡಕೆಂದರೆ, ಲೆಕ್ಕಕ್ಕೆ ಆಧಾರವಾಗಿ ಹಿಡಿದ ವರ್ಷಗಳು ಅಸಾಮಾನ್ಯವಾಗಿ ಮಳೆ ಹಿಮ ಕಂಡ ವರ್ಷಗಳಾಗಿದ್ದವು. ಹೀಗಾಗಿ ಆ ದಿನದಿಂದ ಇಂದಿನವರೆಗೂ ನದಿಯಲ್ಲಿ ಹರಿಯುವುದಕ್ಕಿಂತ ಹೆಚ್ಚು ನೀರು ಕಾಗದದ ಮೇಲೆ ಹರಿಯುತ್ತಿದೆ.

ಕಾಗದಕ್ಕೂ ನದಿಗೂ ಇರುವ ಈ ಅಂತರವನ್ನು ಕಣ್ಣಿಗೆ ತೋರಿಸಿದ್ದು ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಜಲಾಶಯ. 2021ರ ಆಗಸ್ಟ್‌ನಲ್ಲಿ ಅಲ್ಲಿ ಮೊತ್ತಮೊದಲ ಬಾರಿಗೆ ಅಧಿಕೃತವಾಗಿ ನೀರಿನ ಕೊರತೆ ಘೋಷಣೆಯಾಯಿತು. ಮರುವರ್ಷ ಜುಲೈ ವೇಳೆಗೆ ಅದು ತನ್ನ ಸಾಮರ್ಥ್ಯದ ಕಾಲುಭಾಗಕ್ಕಿಂತ ತುಸು ಹೆಚ್ಚಷ್ಟೇ ತುಂಬಿತ್ತು, 1930ರ ದಶಕದಲ್ಲಿ ಮೊದಲು ತುಂಬಿಸಿದ ಬಳಿಕ ಅಷ್ಟು ಕೆಳಗಿಳಿದದ್ದು ಅದೇ ಮೊದಲು. ಆದರೆ ಇಲ್ಲಿ ವಾಸ್ತವವು ಕಾದಂಬರಿಗೆ ತಿರುವುಮುರುವಾಗಿದೆ. 2022ರಲ್ಲಿ ಅರಿಜೋನಾದ ವಾರ್ಷಿಕ ಪಾಲಿನಲ್ಲಿ ಶೇಕಡಾ 18ರಷ್ಟು ಕಡಿತವಾಯಿತು, ನೆವಾಡಾದ ಪಾಲಿನಲ್ಲಿ ಶೇಕಡಾ 7ರಷ್ಟು, ಕ್ಯಾಲಿಫೋರ್ನಿಯಾಕ್ಕೆ ಏನೂ ಇಲ್ಲ. ತನ್ನ ಮರುಭೂಮಿಯ ನಗರಗಳಿಗೆ ದೊಡ್ಡ ಕಾಲುವೆ ಬೇಕೆಂದು 1968ರಲ್ಲಿ ಕೇಂದ್ರದ ಹಣ ಪಡೆಯುವಾಗ, ಕೊರತೆಯ ಕಾಲದಲ್ಲಿ ಮೊದಲ ಹಕ್ಕು ಕ್ಯಾಲಿಫೋರ್ನಿಯಾದ್ದು ಎಂಬ ಷರತ್ತಿಗೆ ಅರಿಜೋನಾ ಒಪ್ಪಿಕೊಂಡಿತ್ತು. ಬಾಗಿಲು ಮುಚ್ಚುವ ಅಧಿಕಾರವೂ ರಾಜ್ಯಗಳ ಕೈಯಲ್ಲಿಲ್ಲ. ಹೂವರ್ ಅಣೆಕಟ್ಟನ್ನು ನಡೆಸುವುದು ಕೇಂದ್ರ ಸರ್ಕಾರದ ಬ್ಯೂರೋ ಆಫ್ ರಿಕ್ಲಮೇಶನ್.

ಹಾಗೆಂದು ಕಾದಂಬರಿಕಾರರು ಗಾಳಿಯಲ್ಲಿ ಗೋಪುರ ಕಟ್ಟಿದ್ದಾರೆ ಎನ್ನಲಾಗದು. 1934ರಲ್ಲಿ, ಕ್ಯಾಲಿಫೋರ್ನಿಯಾಕ್ಕೆ ನೀರೆತ್ತುವುದಕ್ಕೆಂದೇ ಕಟ್ಟುತ್ತಿದ್ದ ಪಾರ್ಕರ್ ಅಣೆಕಟ್ಟಿನ ಕೆಲಸ ನಿಲ್ಲಿಸಲು ಅರಿಜೋನಾದ ಗವರ್ನರ್ ಬೆಂಜಮಿನ್ ಮೋಯರ್ ತನ್ನ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನೇ ನದಿ ದಂಡೆಗೆ ಕಳಿಸಿದ್ದರು. ಪಡೆಗೆ ಬಳಸಲು ಸಿಕ್ಕಿದ್ದ ದೋಣಿಗಳನ್ನು ಕಂಡು ಪತ್ರಿಕೆಗಳು ‘ಅರಿಜೋನಾ ನೌಕಾಪಡೆ’ ಎಂದು ಗೇಲಿ ಮಾಡಿದವು. ನೀರಿಗಾಗಿ ಒಂದು ರಾಜ್ಯ ಇನ್ನೊಂದರ ಮೇಲೆ ಬಂದೂಕು ಹಿಡಿದು ನಿಂತ ಪ್ರಸಂಗ ಅಮೆರಿಕದಲ್ಲಿ ಕಟ್ಟುಕಥೆಯಲ್ಲ, ಅಜ್ಜಂದಿರ ಕಾಲದ ಸುದ್ದಿ.

ಒಂದೇ ದಿನಕ್ಕೆ ನಲ್ಲಿ ನಿಲ್ಲುತ್ತದೆಯೇ ಎಂದರೆ, ಲಾಸ್ ಏಂಜಲೀಸ್‌ನಂಥ ಊರಿನಲ್ಲಿ ಬರದ ಕಾರಣಕ್ಕೆ ಹಾಗಾಗುವುದು ಕಷ್ಟ. ಸುಮಾರು 1.9 ಕೋಟಿ ಜನರಿಗೆ ಸಗಟಾಗಿ ನೀರು ಒದಗಿಸುವ ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟ್ ಎಂಬ ಸಂಸ್ಥೆ ತುರ್ತು ಸಂದರ್ಭಕ್ಕೆಂದು ಆರು ತಿಂಗಳ ಸಂಗ್ರಹ ಇರಿಸಿಕೊಳ್ಳುವ ಗುರಿಯಿಂದಲೇ ಡೈಮಂಡ್ ವ್ಯಾಲಿ ಎಂಬ ಜಲಾಶಯವನ್ನು ಕಟ್ಟಿದೆ. ಅದು ತುಂಬಿದರೆ 35 ಟಿಎಂಸಿ. ನಮ್ಮ ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿಎಂಸಿ ಎಂಬುದನ್ನು ನೆನೆದರೆ ಅದರ ಗಾತ್ರ ಊಹಿಸಬಹುದು. ಅಲ್ಲಿನ ಎಂಜಿನಿಯರುಗಳನ್ನು ಕಾಡುವ ಹಠಾತ್ ಅಪಾಯ ಭೂಕಂಪ, ಏಕೆಂದರೆ ಹೊರಗಿನಿಂದ ನೀರು ತರುವ ಕಾಲುವೆಗಳೆಲ್ಲ ಸ್ಯಾನ್ ಆಂಡ್ರಿಯಾಸ್ ಎಂಬ ಭೂಬಿರುಕನ್ನು ದಾಟಿಯೇ ಬರಬೇಕು. ಬರ ಎಂಬುದು ವರ್ಷಗಟ್ಟಲೆ ಸಾವಕಾಶವಾಗಿ ಬಂದು ಕೂರುವ ಅತಿಥಿ. ಕಾದಂಬರಿಗೆ ಅಷ್ಟು ಪುರುಸೊತ್ತಿಲ್ಲವಾದ್ದರಿಂದ ಅದು ವರ್ಷಗಟ್ಟಲೆಯ ಬರವನ್ನು ಕೆಲವೇ ದಿನಗಳೊಳಗೆ ಮಡಚಿಡುತ್ತದೆ. ಇದನ್ನು ತಪ್ಪೆನ್ನುವುದಕ್ಕಿಂತ ಕಥನದ ಅನಿವಾರ್ಯತೆ ಎನ್ನುವುದು ಸರಿ.

ನಲ್ಲಿಗಳು ನಿಜವಾಗಿ ನಿಂತದ್ದು ಬೇರೆಡೆ. 2014ರಲ್ಲಿ, ಸ್ಯಾನ್ ವಾಕೀನ್ ಕಣಿವೆಯ ಈಸ್ಟ್ ಪೋರ್ಟರ್‌ವಿಲ್ ಎಂಬ ಊರಿನಲ್ಲಿ ಒಂದಾದ ಮೇಲೊಂದು ಮನೆಯ ಬಾವಿ ಬತ್ತಿತು. ಹೆಚ್ಚಿನವರು ಹೊಲ ತೋಟಗಳಲ್ಲಿ ಕೂಲಿ ಮಾಡುವ ಮೆಕ್ಸಿಕನ್ ಮೂಲದ ಕುಟುಂಬಗಳು. ಊರಿಗೆ ಪುರಸಭೆಯ ನಲ್ಲಿ ಇರಲಿಲ್ಲ, ಇದ್ದದ್ದು ಮನೆಮನೆಯ ಆಳವಿಲ್ಲದ ಕೊಳವೆಬಾವಿ. ಕಣಿವೆಯ ದೊಡ್ಡ ತೋಟಗಳವರು ಬರದ ವರ್ಷಗಳಲ್ಲಿ ಇನ್ನಷ್ಟು ಆಳಕ್ಕೆ ಕೊರೆಸಿ ನೀರೆತ್ತಿದರು, ಅಂತರ್ಜಲ ಕೆಳಗಿಳಿಯಿತು, ಆಳಕ್ಕೆ ಕೊರೆಸಲು ಹಣವಿಲ್ಲದವರ ಬಾವಿ ಮೊದಲು ಒಣಗಿತು. ಕೋಲಾರ ಚಿಕ್ಕಬಳ್ಳಾಪುರದ ಯಾವ ರೈತನಿಗೂ ಈ ಕ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ 2,500 ಗ್ಯಾಲನ್, ಅಂದರೆ ಸುಮಾರು 9,500 ಲೀಟರ್ ಹಿಡಿಯುವ ಟ್ಯಾಂಕುಗಳು ಬಂದು ಕೂತವು, ಲಾರಿ ತಂದು ತುಂಬಿಸುವ ಆ ನೀರು ಸ್ನಾನಕ್ಕೆ, ಪಾತ್ರೆಗೆ, ಕುಡಿಯಲು ಬಾಟಲಿ. ಒಂದು ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಸ್ನಾನಕ್ಕಾಗಿ ಟ್ರೇಲರುಗಳನ್ನು ನಿಲ್ಲಿಸಲಾಯಿತು, ಮಕ್ಕಳು ಟವೆಲು ಹೊತ್ತು ಅಲ್ಲಿ ಸಾಲುಗಟ್ಟಿದರು. ಪಕ್ಕದ ಪಟ್ಟಣದ ಕೊಳವೆ ಜಾಲಕ್ಕೆ ಆ ಮನೆಗಳನ್ನು ಜೋಡಿಸಿ ಮುಗಿಸುವಾಗ 2018 ಬಂದಿತ್ತು. ‘ಡ್ರೈ’ ಪ್ರಕಟವಾದದ್ದೂ ಅದೇ ವರ್ಷ. ಕಾದಂಬರಿಯ ಮಕ್ಕಳು ಈಜುಕೊಳವಿರುವ ಬಡಾವಣೆಯವರು. ನಿಜವಾಗಿ ನೀರಿಲ್ಲದೆ ಶಾಲೆಗೆ ಹೋದ ಮಕ್ಕಳ ಕಥೆಯನ್ನು ಅಷ್ಟು ಪ್ರಸಿದ್ಧವಾದ ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಇನ್ನು ಬೆಂಕಿ. ಬರದ ಕಾದಂಬರಿಗಳು ಕೊನೆಗೆ ಕಾಡ್ಗಿಚ್ಚಿಗೇ ಬಂದು ನಿಲ್ಲುವುದು ರೋಚಕತೆಯ ಆಸೆಗಾಗಿ ಮಾತ್ರವಲ್ಲ, ಅದರ ಹಿಂದೆ ಭೌತಶಾಸ್ತ್ರವಿದೆ. ಸೌದೆ ಒಲೆ ಹೊತ್ತಿಸಿ ಗೊತ್ತಿದ್ದವರಿಗೆ ತರಗು, ಪುಳ್ಳೆ, ಸೌದೆ, ಕೊರಡು ಇವು ಒಂದೇ ಬಗೆಯಲ್ಲಿ ಉರಿಯುವುದಿಲ್ಲ ಎಂಬುದು ತಿಳಿದಿರುತ್ತದೆ. ಒಣಹುಲ್ಲು ಗಾಳಿಯಲ್ಲಿನ ತೇವಕ್ಕೆ ತಕ್ಕಂತೆ ಒಂದೆರಡು ಗಂಟೆಯೊಳಗೆ ಒದ್ದೆಯಾಗುತ್ತದೆ, ಒಣಗುತ್ತದೆ. ದಪ್ಪ ದಿಮ್ಮಿ ಒಣಗಬೇಕಾದರೆ ತಿಂಗಳುಗಳೇ ಬೇಕು. ಬರದ ಕೆಲಸವೆಂದರೆ ಸಾಮಾನ್ಯ ಬೇಸಿಗೆ ಮುಟ್ಟಲಾರದ ಈ ದಪ್ಪ ಸೌದೆಯನ್ನೂ, ಜೀವಂತ ಎಲೆಯೊಳಗಿನ ನೀರನ್ನೂ ಬಿಡದೆ ಹೀರುವುದು. 2010ರಿಂದ 2017ರ ನಡುವೆ ಬರ ಮತ್ತು ಅದರ ಬೆನ್ನಿಗೇ ಬಂದ ತೊಗಟೆ ಕೊರೆಯುವ ದುಂಬಿಗಳ ಕಾಟದಿಂದ ಕ್ಯಾಲಿಫೋರ್ನಿಯಾದಲ್ಲಿ 12.9 ಕೋಟಿ ಮರಗಳು ಸತ್ತವೆಂದು ಅಲ್ಲಿನ ಅರಣ್ಯ ಸೇವೆ ಲೆಕ್ಕ ಹಾಕಿತು. ಬಾಯಾರಿದ ಮರ ದುಂಬಿಯನ್ನು ಹೊರದೂಡಲು ಬೇಕಾದಷ್ಟು ಅಂಟು ಸ್ರವಿಸಲಾರದು, ಹಾಗಾಗಿ ಸೋಲುತ್ತದೆ.

ನಮ್ಮ ಬಂಡೀಪುರದ ಕಡೆಯ ಕಾಡ್ಗಿಚ್ಚನ್ನು ಕಂಡವರು ಬೆಂಕಿಯೆಂದರೆ ನೆಲದ ತರಗೆಲೆ, ಹುಲ್ಲು, ಲಂಟಾನದ ಪೊದೆಗಳನ್ನು ಉರಿಸಿಕೊಂಡು ಹೋಗುವ ಸಾಲು ಎಂದು ಭಾವಿಸಿರುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲೆ ಇರುವುದು ಚಾಪರಲ್ ಎಂಬ ಎಣ್ಣೆಯಂಶವಿರುವ ಒತ್ತಾದ ಕುರುಚಲು, ಅದು ಬುಡದಿಂದ ತುದಿಯವರೆಗೆ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಅದರ ಮೇಲೆ ಸಾಂಟಾ ಅನಾ ಗಾಳಿ. ಒಳನಾಡಿನ ಎತ್ತರದ ಮರುಭೂಮಿಯಿಂದ ಸಮುದ್ರದತ್ತ ಇಳಿಯುವ ಈ ಗಾಳಿ, ಇಳಿಯುತ್ತ ಒತ್ತಡಕ್ಕೆ ಸಿಕ್ಕಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ಬಿಸಿಯೇರುತ್ತದೆ, ಬಿಸಿಯೇರಿದಷ್ಟೂ ಒಣಗುತ್ತದೆ, ಕಣಿವೆಗಳಲ್ಲಿ ನುಗ್ಗುವಾಗ ವೇಗ ಪಡೆಯುತ್ತದೆ. 2025ರ ಜನವರಿ 7ರಂದು ಲಾಸ್ ಏಂಜಲೀಸ್‌ನ ಎರಡು ಅಂಚುಗಳಲ್ಲಿ, ಪೆಸಿಫಿಕ್ ಪಾಲಿಸೇಡ್ಸ್ ಮತ್ತು ಆಲ್ಟಡೀನಾದಲ್ಲಿ, ಬೆಂಕಿ ಎದ್ದದ್ದು ಇಂಥ ಗಾಳಿಯಲ್ಲಿ. ಅದಕ್ಕೂ ಮುಂಚಿನ ಎರಡು ಚಳಿಗಾಲ ಧಾರಾಳ ಮಳೆ ಸುರಿದು ಹುಲ್ಲು ಪೊದೆಗಳೆಲ್ಲ ಸೊಂಪಾಗಿ ಬೆಳೆದಿದ್ದವು. ಆಮೇಲೆ ಮೇ ತಿಂಗಳಿನಿಂದ ಆ ದಿನದವರೆಗೆ ನಗರದ ನಡುಭಾಗದಲ್ಲಿ ಬಿದ್ದ ಒಟ್ಟು ಮಳೆ ನಾಲ್ಕು ಮಿಲಿಮೀಟರ್. ಬರಕ್ಕೆ ಮುಂಚಿನ ಒಳ್ಳೆಯ ಮಳೆಯೂ ಬೆಂಕಿಗೆ ಉರುವಲು ಕೂಡಿಸಿಡುತ್ತದೆ ಎಂಬ ಈ ಸೂಕ್ಷ್ಮ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಎರಡೂ ಕಡೆ ಸೇರಿ 16,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು, ಸುಮಾರು 30 ಮಂದಿ ಸತ್ತರು.

ಆ ರಾತ್ರಿ ‘ಡ್ರೈ’ ಓದಿದವರಿಗೆ ಕಾದಂಬರಿಯ ನಲ್ಲಿ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಪಾಲಿಸೇಡ್ಸ್‌ನ ಗುಡ್ಡದ ಮೇಲೆ ತಲಾ ಹತ್ತು ಲಕ್ಷ ಗ್ಯಾಲನ್ ಹಿಡಿಯುವ ಮೂರು ಟ್ಯಾಂಕುಗಳಿದ್ದವು. ಬೆಳಗಿನ ಜಾವ ಮೂರು ಗಂಟೆಯೊಳಗೆ ಮೂರೂ ಬರಿದಾಗಿ, ಮೇಲಿನ ರಸ್ತೆಗಳಲ್ಲಿ ಅಗ್ನಿಶಾಮಕ ಸಿಬ್ಬಂದಿ ಪೈಪು ಜೋಡಿಸಿದ ಹೈಡ್ರಂಟುಗಳು ಒಣಗಿದವು. ಊರಿನಲ್ಲಿ ನೀರೇ ಇರಲಿಲ್ಲವೆಂದಲ್ಲ, ಜಲಾಶಯಗಳಲ್ಲಿ ಬೇಕಾದಷ್ಟಿತ್ತು. ಆದರೆ ಬೀದಿಯ ಹೈಡ್ರಂಟುಗಳನ್ನು ಒಂದೆರಡು ಮನೆಗಳ ಬೆಂಕಿ ಆರಿಸುವ ಲೆಕ್ಕದಲ್ಲಿ ಹಾಕಿರುತ್ತಾರೆ. ಇಡೀ ಗುಡ್ಡ ಹೊತ್ತಿ ಕೊಳವೆಯ ಮೇಲಿನ ಬೇಡಿಕೆ ಎಂದಿನ ನಾಲ್ಕು ಪಟ್ಟಾಗಿ ಹದಿನೈದು ಗಂಟೆ ಮುಂದುವರಿದಾಗ, ಟ್ಯಾಂಕು ತುಂಬುವ ವೇಗಕ್ಕಿಂತ ಖಾಲಿಯಾಗುವ ವೇಗ ಹೆಚ್ಚಾಗುತ್ತದೆ. ಮಹಡಿ ಮೇಲಿನ ಟ್ಯಾಂಕಿಗೆ ಮೋಟಾರು ನೀರೇರಿಸುತ್ತಿರುವಾಗಲೇ ಕೆಳಗಿನ ಎಲ್ಲ ಮನೆಯವರೂ ನಲ್ಲಿ ತೆರೆದಿಟ್ಟಂತೆ.

ಕಿಡಿ ಎಲ್ಲಿಂದ ಬರುತ್ತದೆ? ಕಾದಂಬರಿಗಳಲ್ಲಿ ಬಹುಮಟ್ಟಿಗೆ ಅದಕ್ಕೊಬ್ಬ ಖಳನೋ ಒಂದು ಅಜಾಗರೂಕ ಕ್ಷಣವೋ ಇರುತ್ತದೆ. 2018ರ ನವೆಂಬರ್ 8ರಂದು, ‘ಡ್ರೈ’ ಅಂಗಡಿಗೆ ಬಂದು ಐದಾರು ವಾರವಾಗಿದ್ದಾಗ, ಉತ್ತರ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಪಟ್ಟಣವನ್ನು ಸುಟ್ಟ ಬೆಂಕಿಯ ಮೂಲ ಒಂದು ಕಬ್ಬಿಣದ ಕೊಕ್ಕೆ. ವಿದ್ಯುತ್ ಗೋಪುರದಲ್ಲಿ ತಂತಿಯ ಇನ್ಸುಲೇಟರನ್ನು ತೂಗುಹಾಕಿದ್ದ ಆ ಕೊಕ್ಕೆ ಸುಮಾರು ನೂರು ವರ್ಷ ಹಳೆಯದು. ಗಾಳಿಗೆ ತೂಗಾಡಿ ತೂಗಾಡಿ ಸವೆದು, ಆ ಬೆಳಿಗ್ಗೆ ತುಂಡಾಯಿತು. 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಪಿಜಿ ಅಂಡ್ ಇ ವಿದ್ಯುತ್ ಕಂಪನಿ 2020ರಲ್ಲಿ ನ್ಯಾಯಾಲಯದಲ್ಲಿ 84 ಸಾವುಗಳ ಅಪರಾಧವನ್ನು ಒಪ್ಪಿಕೊಂಡಿತು. ಹೊಗೆ ಇನ್ನೂರು ಕಿಲೋಮೀಟರಿಗೂ ಆಚೆಯ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾವನ್ನು ಎರಡು ವಾರ ಮುಚ್ಚಿಕೊಂಡಿತು. ಸನಿವೇಲ್, ಫ್ರೀಮಾಂಟ್ ಕಡೆ ನೆಲೆಸಿದ ಕನ್ನಡ ಕುಟುಂಬಗಳೂ ಕೋವಿಡ್‌ಗಿಂತ ಒಂದು ವರ್ಷ ಮೊದಲೇ ಎನ್-95 ಮಾಸ್ಕು ಹುಡುಕಬೇಕಾಯಿತು, ಅಲ್ಲಿನ ಹಲವು ಶಾಲೆಗಳು ಮಳೆಗಲ್ಲದೆ ಹೊಗೆಗೆ ರಜೆ ಕೊಟ್ಟವು.

ಮನುಷ್ಯರ ವಿಷಯದಲ್ಲಿ ಈ ಪುಸ್ತಕಗಳನ್ನು ನಂಬುವಂತಿಲ್ಲ ಎಂದೆನಲ್ಲ. ‘ಡ್ರೈ’ನಲ್ಲಿ ಮೂರು ದಿನ ಕಳೆಯುವುದರೊಳಗೆ ನೆರೆಹೊರೆಯವರು ಪರಸ್ಪರ ಮೈಮೇಲೆ ಬೀಳುತ್ತಾರೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ 2018ರಲ್ಲಿ ನಲ್ಲಿಗಳನ್ನೆಲ್ಲ ಬಂದ್ ಮಾಡುವ ‘ಶೂನ್ಯ ದಿನ’ವನ್ನು ಮುಂಗಡವಾಗಿಯೇ ಸಾರಿತ್ತು. ಫೆಬ್ರುವರಿ 1ರಿಂದ ತಲೆಗೆ ದಿನಕ್ಕೆ 50 ಲೀಟರ್ ಮಿತಿ. ಜನ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಕ್ಕೆ ಸುರಿದರು, ನೀರಿನ ಬುಗ್ಗೆಯ ಮುಂದೆ ಕ್ಯಾನು ಹಿಡಿದು ಸಾಲುಗಟ್ಟಿದರು. ಜಗಳಗಳಾಗಲಿಲ್ಲವೆಂದಲ್ಲ, ಆದರೆ ಮೂರು ವರ್ಷದಲ್ಲಿ ನಗರದ ಬಳಕೆ ಅರ್ಧಕ್ಕಿಂತ ಕೆಳಗಿಳಿದು ಆ ದಿನ ಬರಲೇ ಇಲ್ಲ. ಇದನ್ನು ಕಾದಂಬರಿ ಮಾಡುವುದು ಬಹಳ ಕಷ್ಟ. ಬಕೆಟ್ಟಿನಲ್ಲಿ ಕಥಾವಸ್ತು ಇಲ್ಲ.

ಆಕ್ಟೇವಿಯಾ ಬಟ್ಲರ್ 1993ರಲ್ಲಿ ಬರೆದ ‘ಪ್ಯಾರಬಲ್ ಆಫ್ ದಿ ಸೋವರ್’ ಈ ಮಾತಿಗೆ ಒಂದು ವಿಲಕ್ಷಣ ಅಡಿಟಿಪ್ಪಣಿಯನ್ನು ಒದಗಿಸಿದೆ. ಹದಿಹರೆಯದವರಿಗೆಂದೇ ಪ್ರಕಟವಾದ ಪುಸ್ತಕವಲ್ಲದಿದ್ದರೂ ಹದಿನೈದರ ಹುಡುಗಿಯ ದಿನಚರಿಯ ರೂಪದಲ್ಲಿರುವುದರಿಂದ ಆ ವಯಸ್ಸಿನವರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ಲಾಸ್ ಏಂಜಲೀಸ್ ಬಳಿಯ ಊರು, ಪೆಟ್ರೋಲಿಗಿಂತ ತುಟ್ಟಿಯಾದ ನೀರು, ದಿನಚರಿ ಶುರುವಾಗುವುದು 2024ರ ಜುಲೈಯಲ್ಲಿ, ಬೆಂಕಿ ಬಿದ್ದ ಸುದ್ದಿ ಬರುವ ಒಂದು ಪುಟದ ದಿನಾಂಕ 2025ರ ಫೆಬ್ರುವರಿ 1. ಬಟ್ಲರ್ ಬದುಕಿದ್ದ, ಈಗ ಸಮಾಧಿಯಾಗಿರುವ ಊರು ಆಲ್ಟಡೀನಾ. ಅವರು ಕಾದಂಬರಿಯಲ್ಲಿ ಕಂಡ ಜನ ಬಹಳ ಕ್ರೂರಿಗಳು. ಆದರೆ 2025ರ ಜನವರಿಯಲ್ಲಿ ಆ ಊರು ಸುಟ್ಟಾಗ, ಅವರದೇ ಹೆಸರು ಹೊತ್ತ ಪಸಡೀನಾದ ಒಂದು ಪುಟ್ಟ ಪುಸ್ತಕದಂಗಡಿ ಪುಸ್ತಕಗಳನ್ನು ಬದಿಗೆ ಸರಿಸಿ, ಮನೆ ಕಳೆದುಕೊಂಡವರಿಗೆ ನೀರು, ಬಟ್ಟೆ, ಮಕ್ಕಳ ಡೈಪರು ಹಂಚುವ ಕೇಂದ್ರವಾಯಿತು.

ಬರದ ಕಥೆಯನ್ನು ಹದಿಹರೆಯದವರ ಬಾಯಲ್ಲೇ ಯಾಕೆ ಹೇಳಿಸಬೇಕು ಎಂಬುದಕ್ಕೆ ಅತ್ಯುತ್ತಮ ಉತ್ತರ ಇನ್ನೂ ಹಳೆಯ ಬರವನ್ನು ಕುರಿತ ‘ಔಟ್ ಆಫ್ ದಿ ಡಸ್ಟ್’ನಲ್ಲಿದೆ. ಕರೆನ್ ಹೆಸ್ 1997ರಲ್ಲಿ ಮುಕ್ತಛಂದದಲ್ಲಿ ಬರೆದ ಈ ಕಾದಂಬರಿ 1934-35ರ ಓಕ್ಲಹೋಮಾದ ಧೂಳಿನ ಬರದ ನಡುವೆ ನಡೆಯುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಬಂಗಾರದ ಬೆಲೆ ಬಂದಿತೆಂದು ಸಾವಿರಾರು ವರ್ಷ ಮಣ್ಣನ್ನು ಹಿಡಿದಿಟ್ಟಿದ್ದ ಹುಲ್ಲುಗಾವಲನ್ನು ಉತ್ತುಹಾಕಿದ್ದರು. ಮಳೆ ಕೈಕೊಟ್ಟಾಗ ಹೊಲಗಳೇ ಎದ್ದು ಹಾರಿದವು, 1935ರ ಏಪ್ರಿಲ್ 14ರ ಭಾನುವಾರ ಹಗಲೇ ಕತ್ತಲಾಯಿತು. ಈ ಕಥೆಯಲ್ಲಿ ಕಾಡ್ಗಿಚ್ಚಿಲ್ಲ, ಒಂದು ಬಕೆಟ್ ಇದೆ. ಅಪ್ಪ ಒಲೆಯ ಪಕ್ಕ ಸೀಮೆಎಣ್ಣೆಯ ಬಕೆಟ್ ಇಟ್ಟುಹೋಗಿರುತ್ತಾನೆ. ಅಮ್ಮ ಅದನ್ನು ನೀರೆಂದು ಭಾವಿಸಿ ಕಾಫಿಗೆ ಸುರಿಯುತ್ತಾಳೆ. ಹೊತ್ತಿಕೊಂಡ ಬಕೆಟ್ಟನ್ನು ಮಗಳು ಬಿಲ್ಲಿ ಜೋ ಗಾಬರಿಯಲ್ಲಿ ಹೊರಗೆಸೆದಾಗ ಅದು ಬೀಳುವುದು ಬಾಗಿಲಿಗೆ ಮರಳಿ ಓಡಿಬರುತ್ತಿದ್ದ ಅಮ್ಮನ ಮೇಲೆ. ನೀರಿರಬೇಕಾದ ಜಾಗದಲ್ಲಿ ಬೆಂಕಿ, ಅದನ್ನು ಅಲ್ಲಿಟ್ಟವರು ಹಿರಿಯರು, ಸುಟ್ಟ ಕೈಗಳು ಹುಡುಗಿಯವು. ನಮ್ಮ ‘ಕೆರೆಗೆ ಹಾರ’ದಲ್ಲಿ ಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಾಗ ಆಹುತಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ ಎಂಬುದನ್ನು ಬಲ್ಲವರಿಗೆ ಈ ಏರ್ಪಾಡಿನ ಪರಿಚಯವಿದೆ.

ಬಿಲ್ಲಿ ಜೋಗೆ ಸಿಗದ ಒಂದು ಅವಕಾಶ ಮಾತ್ರ ಈಗಿನವರಿಗೆ ಸಿಕ್ಕಿದೆ. ಮೊಂಟಾನಾ ರಾಜ್ಯದಲ್ಲಿ ಹದಿನಾರು ಮಂದಿ ಮಕ್ಕಳು ಮತ್ತು ಯುವಜನರು ತಮ್ಮ ರಾಜ್ಯದ ವಿರುದ್ಧವೇ ದಾವೆ ಹೂಡಿ, 2023ರಲ್ಲಿ ಕಟಕಟೆ ಹತ್ತಿ ಹೊಗೆಯ ಬಗ್ಗೆ, ಬತ್ತುವ ಹೊಳೆಗಳ ಬಗ್ಗೆ ಸಾಕ್ಷ್ಯ ನುಡಿದರು. ಸ್ವಚ್ಛ, ಆರೋಗ್ಯಕರ ಪರಿಸರದ ಹಕ್ಕು ರಾಜ್ಯದ ಸಂವಿಧಾನದಲ್ಲೇ ಇದೆ ಎಂದು ನ್ಯಾಯಾಲಯ ಅವರ ಪರ ತೀರ್ಪಿತ್ತಿತು, ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಕಾದಂಬರಿಗಳು ಸಾಮಾನ್ಯವಾಗಿ ಬೆಂಕಿ ಆರಿದಲ್ಲಿ ಮುಗಿಯುತ್ತವೆ, ಊರುಗಳಿಗೆ ಹಾಗೆ ಮುಗಿಯಲು ಬರುವುದಿಲ್ಲ. ಪಾಲಿಸೇಡ್ಸ್‌ನ ಪ್ರೌಢಶಾಲೆಯ ಮಕ್ಕಳು ಕೆಲವು ತಿಂಗಳು ಆನ್‌ಲೈನ್ ಪಾಠ ಕೇಳಿ, ಏಪ್ರಿಲ್‌ನಲ್ಲಿ ಸಾಂಟಾ ಮೋನಿಕಾದ ಹಳೆಯ ಸಿಯರ್ಸ್ ಮಳಿಗೆಯ ಕಟ್ಟಡದಲ್ಲಿ ತರಗತಿಗೆ ಕುಳಿತರು. ಪ್ಯಾರಡೈಸ್‌ನಲ್ಲಿ ಉಳಿದ ಮನೆಗಳಿಗೆ ಜನ ಮರಳಿದಾಗ ಇನ್ನೊಂದು ಸಂಗತಿ ಕಾದಿತ್ತು. ಬೆಂಕಿಯ ದಿನ ಕೊಳವೆಗಳಲ್ಲಿ ಒತ್ತಡ ಬಿದ್ದುಹೋದಾಗ ಹೊಗೆ ಒಳಗೆಳೆಯಲ್ಪಟ್ಟಿತ್ತು, ಪ್ಲಾಸ್ಟಿಕ್ ಪೈಪುಗಳು ಕರಗಿದ್ದವು, ನೀರಿನಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಬೆಂಜೀನ್ ಸೇರಿತ್ತು. ಅಲ್ಲಿ ನಲ್ಲಿ ಬುಸುಗುಟ್ಟಲಿಲ್ಲ, ತಿರುಗಿಸಿದರೆ ತಿಳಿಯಾದ ನೀರು ಧಾರಾಕಾರ ಬರುತ್ತಿತ್ತು. ಅದನ್ನು ಕುಡಿಯಬಾರದು, ಕುದಿಸಿದರೂ ಬಾರದು ಎಂಬ ಸೂಚನೆಯ ಕೆಳಗೆ, ನೀರು ಸರಬರಾಜಿನವರು ಒಂದೊಂದೇ ಮನೆಯ ಪೈಪು ಪರೀಕ್ಷಿಸುತ್ತ, ಕೆಟ್ಟದ್ದನ್ನು ಕಿತ್ತು ಹೊಸದು ಹಾಕುತ್ತ ವರ್ಷಗಳನ್ನು ಕಳೆದರು.